ತಕ್ಕಡಿ ಮೇಡಂ ಮನೆಯಲ್ಲಿ ಹೇಳದ ಮಾತು

ಆಸ್ಪತ್ರೆಗೆ ಸೇರಿದ ಆ ತರಬೇತಿ ಶಾಲೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ತಕ್ಕಡಿ ಮೇಡಂ. ಹುದ್ದೆ ನೋಡಿದರೆ ಗುಮಾಸ್ತೆ, ಅಷ್ಟೆ. ಆದರೆ ಪಾಠವೆಲ್ಲ ಆನ್‌ಲೈನ್ ಆದಾಗಿನಿಂದ, ಕಂಪ್ಯೂಟರಿನ ಅಂಕಪುಸ್ತಕದಲ್ಲಿ ಯಾವುದಕ್ಕೆ ಎಷ್ಟು ತೂಕ ಎಂದು ಕೂಡಿಸಿಡುವ ವಿದ್ಯೆ ಇದ್ದದ್ದು ಆಕೆಯೊಬ್ಬಳ ಕೈಯಲ್ಲಿ. ಹಾಜರಾತಿಗೆ ಹತ್ತು, ಕಿರುಪರೀಕ್ಷೆಗಳಿಗೆ ಇಪ್ಪತ್ತು, ವಾರ್ಡಿನ ಕೆಲಸದ ವರದಿಗಳಿಗೆ ನಲವತ್ತು, ಕೊನೆಯ ಪರೀಕ್ಷೆಗೆ ಮೂವತ್ತು, ಹೀಗೆ. ಕೂಡಿದರೆ ಸರಿಯಾಗಿ ನೂರು ಬರಬೇಕು. ತೊಂಬತ್ತೊಂಬತ್ತು ಬಂದರೆ ಕಂಪ್ಯೂಟರು ಕೆಂಪಗಾಗುತ್ತದೆ, ನೂರೊಂದು ಬಂದರೆ ದೊಡ್ಡ ಮೇಡಂ ಕೆಂಪಗಾಗುತ್ತಾರೆ ಎಂದು ಮೇಷ್ಟ್ರುಗಳು ನಗುತ್ತಿದ್ದರು. ದೊಡ್ಡ ಮೇಡಂ ಎಂದರೆ ಶಾಲೆಯ ಪ್ರಾಂಶುಪಾಲೆ. ತಕ್ಕಡಿ ಮೇಡಂ ಮಾತ್ರ ನಗುತ್ತಿರಲಿಲ್ಲ. ಮೂರು ಸಲ ಕೂಡಿ ನೋಡಿ, ನಾಲ್ಕನೆಯ ಸಲ ಕಾಗದದ ಮೇಲೆ ಕೂಡಿ, ಆಮೇಲೆ ಉಳಿಸು ಎಂಬ ಗುಂಡಿ ಒತ್ತುತ್ತಿದ್ದಳು.

ಮನೆಯಲ್ಲಿ ಆಕೆ ಬರೀ ಅಕ್ಕ. ಹಾಗೆ ಕರೆಯುವವಳು ಒಬ್ಬಳೇ, ಒಂಬತ್ತು ವರ್ಷ ಚಿಕ್ಕವಳಾದ ತಂಗಿ. ತಾಯಿ ಬೇಗ ಹೋದದ್ದರಿಂದ ಅವಳಿಗೆ ಜಡೆ ಹಾಕಿದವಳು, ಮಗ್ಗಿ ಹೇಳಿಕೊಟ್ಟವಳು, ಮದುವೆ ಮಾಡಿದವಳು ಎಲ್ಲ ಈ ಅಕ್ಕನೇ. ತಾನು ಮದುವೆಯಾಗುವುದಕ್ಕೆ ಆಕೆಗೆ ಪುರುಸೊತ್ತಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ತಂಗಿ ಒಂದು ಟ್ರಂಕು ಹಿಡಿದು ವಾಪಸು ಬಂದಳು. ಎರಡನೆಯ ಮಹಡಿಯ ಎರಡು ಕೋಣೆಯ ಆ ಮನೆಯಲ್ಲಿ ಇಬ್ಬರೂ ಇದ್ದರು. ತಂಗಿಗೆ ಅದೇ ಆಸ್ಪತ್ರೆಯಲ್ಲಿ ವಾರ್ಡಿನ ಸಹಾಯಕಿಯ ಕೆಲಸ ಸಿಕ್ಕಿ ಒಂಬತ್ತು ವರ್ಷವಾಗಿತ್ತು. ರೋಗಿಯನ್ನು ನೋವಾಗದ ಹಾಗೆ ಮಗ್ಗುಲು ಬದಲಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಡಾಕ್ಟರುಗಳೇ ಹೇಳುತ್ತಿದ್ದರು. ಆದರೆ ಒಂಬತ್ತು ವರ್ಷವೂ ಅವಳು ತಾತ್ಕಾಲಿಕವಾಗಿಯೇ ಇದ್ದಳು.

ಆ ವರ್ಷ ಆಸ್ಪತ್ರೆಯ ಗೋಡೆಗೆ ಒಂದು ಹಾಳೆ ಅಂಟಿತು. ತಾತ್ಕಾಲಿಕ ಸಹಾಯಕಿಯರೆಲ್ಲ ತರಬೇತಿ ಶಾಲೆಯ ಕೋರ್ಸು ಮುಗಿಸಬೇಕು. ಒಟ್ಟಾರೆ ಅರವತ್ತು ಅಂಕ ಬಂದವರು ಕಾಯಂ. ಬಾರದವರ ಹೆಸರು ಕೋರ್ಸು ಮುಗಿದ ತಿಂಗಳ ಕೊನೆಗೆ ಡ್ಯೂಟಿ ಪಟ್ಟಿಯಿಂದ ತೆಗೆಯಲಾಗುವುದು. ಮೂವತ್ತೊಂದು ಜನ ಸೇರಿದರು. ತಂಗಿಯೂ ಸೇರಿದಳು.

ತಂಗಿ ಅರ್ಜಿ ಕೊಟ್ಟ ದಿನವೇ ದೊಡ್ಡ ಮೇಡಂ ಅಕ್ಕನನ್ನು ಒಳಗೆ ಕರೆದರು.

"ನಿಮ್ಮ ತಂಗಿ ಸೇರಿದ್ದಾಳೆ. ಸಂತೋಷ. ಆದ್ರೆ ಅಂಕದ ಮಾತು ಮನೆಗೆ ಹೋಗಬಾರದು. ಆ ಕುರ್ಚಿ ಮೇಲೆ ಹಿಂದೆ ಇದ್ದವನ ಕತೆ ನಿಮಗೆ ಗೊತ್ತಲ್ಲ."

ಗೊತ್ತಿರದೆ ಏನು. ಹಿಂದಿನ ಗುಮಾಸ್ತ ತನ್ನ ಭಾವಮೈದುನನ ಸಾಲಿಗೆ ನಾಲ್ಕು ಅಂಕ ಸೇರಿಸಿ ಸಿಕ್ಕಿಬಿದ್ದವನು. ಸಂಜೆಯೊಳಗೆ ಅವನ ಮೇಜು ಖಾಲಿಯಾಗಿತ್ತು. ಅಕ್ಕ ಎದ್ದು ನಿಂತು, "ನಾನು ಆ ಸಾಲು ಮುಟ್ಟೋದೇ ಇಲ್ಲ ಮೇಡಂ. ಕಣ್ಣೆತ್ತಿ ನೋಡೋದೂ ಇಲ್ಲ," ಎಂದಳು. ಹಾಗೆಯೇ ನಡೆದುಕೊಂಡಳು ಕೂಡ. ತಂಗಿಯ ಸಾಲನ್ನು ಪಕ್ಕದ ಮೇಜಿನ ಟೈಪಿಸ್ಟಿಗೆ ಒಪ್ಪಿಸಿದಳು. ಪರದೆಯಲ್ಲಿ ಆ ಸಾಲು ಬಂದಾಗ ಮೌಸಿನ ಚಕ್ರ ತಿರುಗಿಸಿ ಬೇಗ ಕೆಳಗೆ ಹೋಗಿಬಿಡುತ್ತಿದ್ದಳು. ಇಷ್ಟೆಲ್ಲ ಮಾಡೆಂದು ಯಾರೂ ಆಕೆಗೆ ಹೇಳಿರಲಿಲ್ಲ. ಒಳ್ಳೆಯತನಕ್ಕೂ ಒಂದು ಅಳತೆ ಬೇಡವೇ? ಆಕೆಗೆ ಬೇಕಿರಲಿಲ್ಲ.

ಕೋರ್ಸು ಶುರುವಾಗುವ ಹಿಂದಿನ ದಿನ ಪಾಠದ ಮೇಷ್ಟ್ರು ಬಂದು ಆಕೆಯ ಮೇಜಿನ ಅಂಚಿಗೆ ಒರಗಿದರು.

"ಮೇಡಂ, ಅಂಕ ಇನ್ನೂ ತುಂಬದ ಖಾಲಿ ಮನೆಗಳನ್ನ ಸೊನ್ನೆ ಅಂತ ಹಿಡೀಬೇಡಿ. ಹೋದ ವರ್ಷ ಮೊದಲ ವಾರವೇ ಎಲ್ಲರಿಗೂ ನೂರಕ್ಕೆ ಮೂರು, ನಾಲ್ಕು ಅಂತ ತೋರಿಸಿ ಅರ್ಧ ಜನ ಅತ್ತುಬಿಟ್ರು. ಇಬ್ಬರು ಬಿಟ್ಟೇ ಹೋದ್ರು."

"ಹಾಗಾದ್ರೆ ಇರೋ ಅಂಕ ಮಾತ್ರ ಲೆಕ್ಕಕ್ಕೆ ಬರುತ್ತೆ. ತುಂಬಾ ಜಾಸ್ತಿ ತೋರಿಸುತ್ತೆ ಸಾರ್."

"ತೋರಿಸಲಿ ಬಿಡಿ. ಕೊನೇ ದಿನ ಸೊನ್ನೆ ಹಾಕಿದ್ರಾಯ್ತು."

ಅಕ್ಕ 'ಖಾಲಿ ಮನೆ ಲೆಕ್ಕಕ್ಕಿಲ್ಲ' ಎಂಬ ಪುಟ್ಟ ಚೌಕದಲ್ಲಿ ಗುರುತು ಹಾಕಿದಳು. ಈ ಗುರುತು ಹಾಕಿದ ಮೇಲೆ ಅಂಕಪುಸ್ತಕ ಸುಳ್ಳು ಹೇಳುವುದಿಲ್ಲ, ಆದರೆ ನಿಜವನ್ನೂ ಪೂರ್ತಿ ಹೇಳುವುದಿಲ್ಲ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಒಂದು ಹಾಳೆಯಲ್ಲಿ ನಾಲ್ಕು ತೂಕಗಳನ್ನು ದಪ್ಪಕ್ಷರದಲ್ಲಿ ಬರೆದು, ಕೆಳಗೆ 'ಈಗ ಕಾಣುವ ಮೊತ್ತ ಅಂತಿಮವಲ್ಲ' ಎಂದು ಸೇರಿಸಿ ಕಚೇರಿಯ ಹೊರಗೋಡೆಗೆ ಅಂಟಿಸಿದಳು. ಮೊಬೈಲಿನಲ್ಲೇ ಪಾಠ ಕೇಳುವ ಜನ ಗೋಡೆ ಓದಲು ಬರುತ್ತಾರೆಯೇ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಎರಡು ತಿಂಗಳು ಕಳೆಯಿತು. ತಂಗಿ ಒಂದು ದಿನವೂ ಪಾಠ ತಪ್ಪಿಸಲಿಲ್ಲ. ವಾರ್ಡಿನ ಮೊಗಸಾಲೆಯಲ್ಲಿ, ಒಗೆದ ಬಟ್ಟೆಗಳ ಗಾಡಿಯ ಹಿಂದೆ ಸ್ಟೂಲು ಹಾಕಿಕೊಂಡು, ಕಿವಿಗೆ ತಂತಿ ಸಿಕ್ಕಿಸಿ ಕೇಳುತ್ತಿದ್ದಳು. ಕಿರುಪರೀಕ್ಷೆಗಳಲ್ಲೂ ಒಳ್ಳೆಯ ಅಂಕ. ಒಂದು ಬೆಳಗ್ಗೆ ಅಕ್ಕ ಚಹಾ ಸೋಸುತ್ತಿದ್ದಾಗ ತಂಗಿ ಮೊಬೈಲು ಹಿಡಿದು ಬಂದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ಅಕ್ಕ ವರ್ಷಗಳಿಂದ ಕಂಡಿರಲಿಲ್ಲ.

"ಎಂಬತ್ತೆಂಟು ಅಕ್ಕಾ. ಒಟ್ಟಾರೆ ಎಂಬತ್ತೆಂಟು ತೋರಿಸ್ತಿದೆ. ನನಗೇ ನಂಬೋಕಾಗ್ತಿಲ್ಲ."

ಹಾಜರಾತಿಯ ಹತ್ತಕ್ಕೆ ಹತ್ತು, ಕಿರುಪರೀಕ್ಷೆಯ ಇಪ್ಪತ್ತಕ್ಕೆ ಹದಿನಾರೂ ಚಿಲ್ಲರೆ. ಮೂವತ್ತಕ್ಕೆ ಇಪ್ಪತ್ತಾರೂ ಚಿಲ್ಲರೆ ಬಂದದ್ದನ್ನೇ ಯಂತ್ರ ನೂರಕ್ಕೆ ಎಳೆದು ಎಂಬತ್ತೆಂಟು ಮಾಡಿ ತೋರಿಸುತ್ತಿದೆ. ಉಳಿದ ಎಪ್ಪತ್ತು ಇನ್ನೂ ಬಾಗಿಲ ಹೊರಗೇ ನಿಂತಿದೆ. ಇಷ್ಟೆಲ್ಲ ಆಕೆಗೆ ಒಂದು ಉಸಿರಿನಲ್ಲಿ ಲೆಕ್ಕವಾಯಿತು, ಬಾಯಿಯ ತನಕವೂ ಬಂತು. ದೊಡ್ಡ ಮೇಡಂ ಮಾತು ನೆನಪಾಯಿತು. ಬಾಯಿಗೆ ಬೀಗ ಬಿತ್ತು.

"ಅಂಕದ ಮಾತು ನನ್ನ ಹತ್ರ ಆಡಬೇಡ," ಎಂದಳು. "ಏನಿದ್ರೂ ಮೇಷ್ಟ್ರನ್ನ ಕೇಳು."

"ಕೇಳೋದೇನು ಬಂತು? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಕಣ್ಣೆದುರಿಗೇ ಇದೆಯಲ್ಲ," ಎಂದು ತಂಗಿ ನಕ್ಕು, ಲೋಟ ಎತ್ತಿಕೊಂಡು ಹೋದಳು.

ಆ ದಿನದಿಂದ ಆ ಎಂಬತ್ತೆಂಟು ಮನೆಯೊಳಗೆ ಬಂದು ಕೂತಿತು. ತಂಗಿ ಎದ್ದ ಕೂಡಲೇ ಅದನ್ನು ನೋಡುವಳು, ಮಲಗುವ ಮುಂಚೆ ನೋಡುವಳು. ಕಾಯಂ ಆದ ಮೇಲೆ ಕಿಟಕಿ ಇರುವ ಮನೆ ಹಿಡಿಯೋಣ ಎನ್ನುವಳು. ಅಕ್ಕನ ಕಣ್ಣಿಗೆ ಪರೀಕ್ಷೆ ಮಾಡಿಸಿ ಕನ್ನಡಕ ಬದಲಿಸೋಣ ಎನ್ನುವಳು. ಅಕ್ಕ ಪಾತ್ರೆ ತೊಳೆಯುತ್ತಾ ಬೆನ್ನು ತಿರುಗಿಸಿ ನಿಲ್ಲುವಳು. ಅವಳ ಸಂತೋಷ ಹೆಚ್ಚಿದಷ್ಟೂ ಈಕೆಗೆ ಊಟ ಸೇರುತ್ತಿರಲಿಲ್ಲ.

ಇನ್ನು ಆ ವರದಿಗಳ ವಿಷಯ. ಎಂಟು ರೋಗಿಗಳ ಆರೈಕೆ ಮಾಡಿದ್ದನ್ನು ಎಂಟು ವರದಿಯಾಗಿ ಬರೆದು, ಹಾಳೆಗಳ ಫೋಟೋ ತೆಗೆದು ಕಳಿಸಬೇಕು. ನೂರರಲ್ಲಿ ನಲವತ್ತು ತೂಕ ಅದಕ್ಕೇ. ತಂಗಿ ಎಂಟನ್ನೂ ಬರೆದಿದ್ದಳು. ಸೋಮಾರಿ ಅನ್ನಿಸಿಕೊಳ್ಳುವ ಹೆಣ್ಣಲ್ಲ ಅವಳು. ರೂಲು ಹಾಕಿದ ಹಾಳೆಯಲ್ಲಿ, ದುಂಡು ಅಕ್ಷರದಲ್ಲಿ, ಯಾವ ಹೊತ್ತಿಗೆ ಜ್ವರ ಎಷ್ಟಿತ್ತು, ಯಾವ ಮಗ್ಗುಲಿಗೆ ಮಲಗಿಸಿದೆ, ರೋಗಿ ಏನೆಂದ, ಎಲ್ಲ ಬರೆದು ಹಾಸಿಗೆಯ ಕೆಳಗೆ ಒಂದು ರಟ್ಟಿನ ಕಡತದಲ್ಲಿ ಇಟ್ಟಿದ್ದಳು. ಕಳಿಸಿರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ವಾರ್ಡಿನಲ್ಲಿ ಒಂದು ಸುದ್ದಿ ಹಬ್ಬಿತ್ತು.

"ಗೊತ್ತಾ ಅಕ್ಕಾ," ಎಂದಳು ಒಂದು ಭಾನುವಾರ, ಬಟ್ಟೆ ಮಡಿಸುತ್ತಾ. "ಹೆರಿಗೆ ವಾರ್ಡಿನವಳು ಇದ್ದಾಳಲ್ಲ, ಗುಂಗುರು ಕೂದಲಿನವಳು, ಅವಳಿಗೆ ತೊಂಬತ್ತಿತ್ತು. ಒಂದು ವರದಿ ಕಳಿಸಿದ್ದೇ ತಡ, ಎಪ್ಪತ್ತೊಂಬತ್ತಕ್ಕೆ ಇಳಿದುಬಿಡ್ತಂತೆ. ಹತ್ತಕ್ಕೆ ಏಳು ಬಂದಿತ್ತಂತೆ, ಕಡಿಮೆಯೇನಲ್ಲ. ಆದ್ರೂ ಇಳೀತು. ನಾನು ಕಳಿಸೋದಿಲ್ಲಪ್ಪ. ಸುಮ್ನೆ ಇರಲಾರದೆ ಇರುವೆ ಬಿಟ್ಕೊಂಡ ಹಾಗಾಗುತ್ತೆ."

ಅಕ್ಕನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಅಲ್ಲೇ ನಿಂತಿತು. ಸೀದ ವಾಸನೆ ಬಂದಾಗ ಎತ್ತಿದಳು. ಆ ಗುಂಗುರು ಕೂದಲಿನವಳದು ಇಳಿದದ್ದಲ್ಲ, ಬರೀ ಊದಿಕೊಂಡಿದ್ದದ್ದು ಕರಗಿದ್ದು ಎಂದು ಹೇಳಬೇಕಿತ್ತು. ಕಡ್ಡಿ ಮುರಿದ ಹಾಗೆ ಒಂದೇ ಮಾತು, ಕಳಿಸು ಎಂದಿದ್ದರೆ ಸಾಕಿತ್ತು.

"ಮೇಷ್ಟ್ರನ್ನ ಕೇಳು ಅಂದೆನಲ್ಲ," ಎಂದಳು. ದನಿ ಒರಟಾಗಿ ಬಂತು.

"ಕೇಳ್ತೀನಿ ಬಿಡು, ಸಿಡುಕಬೇಡ."

ಕೇಳಲಿಲ್ಲ. ಕೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ಮೇಷ್ಟ್ರಿಗೆ ಆರು ತರಗತಿ; ಅವರು ಬಂದದ್ದನ್ನು ತಿದ್ದುವವರು, ಬಾರದ್ದನ್ನು ಹುಡುಕುವವರಲ್ಲ. ಟೈಪಿಸ್ಟು ಕೊಟ್ಟ ಅಂಕ ಹೊಡೆಯುವವನು, ಕೊಡದ ಅಂಕ ಕೇಳುವವನಲ್ಲ. ಅಕ್ಕನೊಬ್ಬಳಿಗೆ ಎಲ್ಲ ಗೊತ್ತಿತ್ತು.

ಈಗ ಹೇಳುವ ಮಾತು ಕೇಳಿದರೆ ನಿಮಗೆ ಆಕೆಯ ಮೇಲೆ ಸಿಟ್ಟು ಬರುತ್ತದೆ, ಬರಲಿ. ದಿನಾ ಮಧ್ಯಾಹ್ನ ಮೂರರಿಂದ ನಾಲ್ಕರ ತನಕ ಕಚೇರಿಯ ಕಿಟಕಿ ತೆರೆಯುತ್ತಿತ್ತು. ಸರಳಿನ ನಡುವೆ ಕೈ ತೂರುವಷ್ಟು ಜಾಗ. ಕಲಿಯುವವರು ಯಾರು ಬಂದು ಕೇಳಿದರೂ ಅಕ್ಕ ಹಾಳೆ ತೆಗೆದು, ನಾಲ್ಕು ಚೌಕ ಬರೆದು, ತಾಳ್ಮೆಯಿಂದ ಹೇಳುತ್ತಿದ್ದಳು.

"ನೋಡಮ್ಮ, ನಾಲ್ಕು ಜನ ಹೊರಬೇಕಾದ ಮಂಚ ಇದು. ಈಗ ಇಬ್ಬರೇ ಬಂದಿದ್ದಾರೆ, ಅದೂ ಗಟ್ಟಿಗರು. ಅವರೇ ಎತ್ತಿ ನಿಂತಿದ್ದಾರೆ, ಅದಕ್ಕೇ ಚೆನ್ನಾಗಿ ಕಾಣುತ್ತೆ. ಕೊನೇ ದಿನ ನಾಲ್ಕು ಮೂಲೆಗೂ ನಾಲ್ಕು ಜನ ನಿಂತೇ ನಿಲ್ಲಬೇಕು. ಬರದವನ ಮೂಲೆ ನೆಲಕ್ಕೆ ಬೀಳುತ್ತೆ. ವರದಿ ಕಳಿಸು. ಅಂಕ ಇಳಿದ ಹಾಗೆ ಕಂಡರೂ ಹೆದರಬೇಡ, ಕಳಿಸು."

ಹೀಗೆ ಹದಿನಾಲ್ಕು ಜನರಿಗೆ ಹೇಳಿದಳು. ಗುಂಗುರು ಕೂದಲಿನವಳೂ ಅವರಲ್ಲಿ ಒಬ್ಬಳು. ಮಾರನೆಯ ದಿನವೇ ಅವಳು ಉಳಿದ ಏಳನ್ನೂ ಕಳಿಸಿದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಅಂಥ ಕೆಲಸ. ತಂಗಿ ಮಾತ್ರ ಆ ಕಿಟಕಿಗೆ ಬರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡವಳು ಕಿಟಕಿಯ ಹೊರಗೆ ಸಾಲಿನಲ್ಲಿ ಯಾಕೆ ನಿಲ್ಲುತ್ತಾಳೆ?

ಕೊನೆಯ ಪರೀಕ್ಷೆ ಮುಗಿಯಿತು. ತಂಗಿಗೆ ನೂರಕ್ಕೆ ಎಪ್ಪತ್ತೈದು. ಆ ಅಂಕ ಏರಿದ ಬೆಳಗ್ಗೆ ಮೊಬೈಲಿನಲ್ಲಿ ಎಂಬತ್ತೆಂಟು ಹೋಗಿ ಎಂಬತ್ತೊಂದೂವರೆ ಬಂತು. ತಂಗಿ ಸ್ವಲ್ಪ ಸಪ್ಪಗಾದಳು, ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು.

"ಪರೀಕ್ಷೆಲಿ ಇಳಿಸಿದ್ರು. ಹೋಗ್ಲಿ. ಅರವತ್ತು ಬೇಕಿತ್ತು, ಎಂಬತ್ತರ ಮೇಲಿದೆ. ಈಗಂತೂ ವರದಿ ಕಳಿಸಿ ಇನ್ನಷ್ಟು ಇಳಿಸ್ಕೊಳ್ಳೋ ಹುಚ್ಚು ಬೇಡ."

ಇನ್ನು ಒಂದು ವಾರ ಇತ್ತು. ಏಳು ಬೆಳಗು, ಏಳು ಸಂಜೆ. ಪ್ರತಿದಿನ ಅಕ್ಕ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಏಳುತ್ತಿದ್ದಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಹೇಳದೆಯೇ ಹೊರಟುಬಿಡುತ್ತಿದ್ದಳು. ಹೇಳಿದರೆ ಒಳಗಿನ ಸುದ್ದಿ ಹೊರಹಾಕಿದಂತೆ ಆಗುವುದಿಲ್ಲವೇ, ನಾಳೆ ಯಾರಾದರೂ ತಂಗಿಗೆ ಅಕ್ಕನೇ ದಾರಿ ಮಾಡಿಕೊಟ್ಟಳು ಎಂದರೆ? ಇಪ್ಪತ್ತೆರಡು ವರ್ಷದಿಂದ ಕಾದುಕೊಂಡ ಮಾನ. ಬಹುಶಃ ತಂಗಿ ಯಾರನ್ನಾದರೂ ಕೇಳಿ ಕಳಿಸಿಬಿಟ್ಟಿರುತ್ತಾಳೆ ಎಂದು ಕೊನೆಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನೋಡಿ ತಿಳಿಯುವುದು ಒಂದು ಕ್ಷಣದ ಕೆಲಸ. ಆದರೆ ಆ ಸಾಲು ನೋಡುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು.

ಕೊನೆಯ ದಿನ ಬಂತು. ಸಂಜೆ ಐದಕ್ಕೆ ವರದಿ ಕಳಿಸುವ ದಾರಿ ಮುಚ್ಚುತ್ತದೆ. ಆಗ ಅಕ್ಕ ಆ ಪುಟ್ಟ ಚೌಕದ ಗುರುತು ತೆಗೆಯಬೇಕು. ಖಾಲಿ ಮನೆಗಳೆಲ್ಲ ಸೊನ್ನೆಯಾಗಿ, ಅಂತಿಮ ಮೊತ್ತ ಬಂದು, ಅಂಕಪುಸ್ತಕಕ್ಕೆ ಬೀಗ ಬೀಳುತ್ತದೆ. ಕಿಟಕಿ ಮುಚ್ಚಿ ನಾಲ್ಕು ಗಂಟೆಗೆ ಕೂತು ಎಲ್ಲರದೂ ಬಂದಿದೆಯೇ ಎಂದು ಮೇಲಿನ ಮೊತ್ತ ನೋಡಿದಳು. ಸೇರಿದವರು ಮೂವತ್ತೊಂದು. ವರದಿ ಕಳಿಸಿದವರು ಮೂವತ್ತು.

ಯಾರದೆಂದು ಕೇಳುವ ಹಾಗೇ ಇರಲಿಲ್ಲ. ಮೊದಲ ಸಲ ಆ ಸಾಲಿಗೆ ಹೋಗಿ ನೋಡಿದಳು. ಎಂಟು ಮನೆಗಳೂ ಖಾಲಿ.

ಮೊಬೈಲು ತೆಗೆದು ತಂಗಿಗೆ ಕರೆ ಮಾಡಿದಳು. ಬಂದ್ ಆಗಿತ್ತು. ವಾರ್ಡಿನೊಳಗೆ ಹೋಗುವಾಗ ಮೊಬೈಲು ಕಪಾಟಿನಲ್ಲಿಡುವುದು ನಿಯಮ. ವರದಿ ಹೋಗಬೇಕಾದದ್ದೂ ಆ ಮೊಬೈಲಿನಿಂದಲೇ, ಅವಳೊಬ್ಬಳಿಗೇ ಗೊತ್ತಿರುವ ಗುಟ್ಟಿನ ಸಂಖ್ಯೆ ಹಾಕಿ. ಅಕ್ಕ ಎದ್ದು ದೊಡ್ಡ ಮೇಡಂ ಕೋಣೆಗೆ ಹೋದಳು. ಬಾಗಿಲು ತಟ್ಟಿದ್ದೂ ಆಕೆಗೆ ನೆನಪಿಲ್ಲ.

"ಒಂದು ಸಾಲು ಖಾಲಿ ಇದೆ ಮೇಡಂ. ನನ್ನ ತಂಗಿದು."

ದೊಡ್ಡ ಮೇಡಂ ಕನ್ನಡಕ ತೆಗೆದರು. "ಬರೆದಿಲ್ವಾ?"

"ಬರೆದಿದ್ದಾಳೆ. ಎಂಟೂ ಮನೇಲಿದೆ. ಕಳಿಸಿದ್ರೆ ಅಂಕ ಇಳಿಯುತ್ತೆ ಅಂತ ಕಳಿಸಿಲ್ಲ."

"ನಿಮಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು. ನೀವು ಅಂಕದ ಮಾತು ಮನೆಗೆ ಹೋಗಬಾರದು ಅಂದಿದ್ರಿ."

"ಅಂಕ ಅಂದೆ ನಾನು," ಎಂದರು ದೊಡ್ಡ ಮೇಡಂ ನಿಧಾನವಾಗಿ. "ತೂಕ ಹೇಳಬೇಡಿ ಅಂದಿದ್ನಾ? ಅದನ್ನ ಊರೆಲ್ಲ ನೋಡಲಿ ಅಂತ ನೀವೇ ಗೋಡೆಗೆ ಅಂಟಿಸಿದ್ದೀರಲ್ರೀ."

ಅಕ್ಕ ಗೋಡೆಯ ಗಡಿಯಾರದ ಕಡೆ ನೋಡಿದಳು.

"ಇನ್ನೂ ಐವತ್ತು ನಿಮಿಷ ಇದೆ, ಹೋಗಿ. ಐದರೊಳಗೆ ಫೋಟೋ ತೆಗೆದು ಕಳಿಸಿದ್ರೆ ಸಾಕು, ಆ ಒಂದು ಸಾಲಿಗೆ ಬೀಗ ಹಾಕದೆ ಇಟ್ಟು ಅಂಕ ನಾಳೆ ಹಾಕಿಸ್ತೀನಿ. ಆಮೇಲೆ ಮಾತ್ರ ನನ್ನ ಕೈಲೂ ಆಗಲ್ಲ."

ಅಕ್ಕ ಓಡಿದಳು. ಐವತ್ತು ವರ್ಷದ ಹೆಂಗಸು, ಮಂಡಿನೋವಿನವಳು, ಎರಡು ಬೀದಿ ದಾಟಿ, ಆಸ್ಪತ್ರೆಯ ಇಳಿಜಾರು ಹತ್ತಿ, ಮೂರನೆಯ ಮಹಡಿಯ ಸುಟ್ಟಗಾಯದ ವಾರ್ಡಿಗೆ ಬಂದಾಗ ಗೋಡೆಯ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಮನೆ ಅಲ್ಲಿಂದ ಇಪ್ಪತ್ತು ನಿಮಿಷ. ಈಗ ಹೊರಟರೂ ಆಗುತ್ತದೆ ಎಂದು ಆಕೆಯ ತಲೆ ಲೆಕ್ಕ ಹಾಕಿತು. ಡ್ರೆಸ್ಸಿಂಗ್ ಕೋಣೆಯ ಬಾಗಿಲು ಮುಚ್ಚಿತ್ತು. ನಡುವೆ ಅಂಗೈ ಅಗಲದ ಗಾಜು.

ಗಾಜಿನೊಳಗೆ ತಂಗಿ ಕಂಡಳು. ಮೂಗುಬಾಯಿಗೆ ಮಾಸ್ಕು, ಮೊಣಕೈ ತನಕ ಗ್ಲೌಸು. ಮಂಚದ ಮೇಲೆ ಒಬ್ಬ ಮುದುಕಿ. ಡಾಕ್ಟರು ಬೆನ್ನಿನ ಪಟ್ಟಿ ಬಿಡಿಸುತ್ತಿದ್ದಾರೆ, ತಂಗಿ ಮುದುಕಿಯ ಭುಜಗಳನ್ನು ತನ್ನ ಎದೆಗೆ ಒತ್ತಿ ಹಿಡಿದು ಕಿವಿಯಲ್ಲಿ ಏನೋ ಹೇಳುತ್ತಿದ್ದಾಳೆ. ಮುದುಕಿಯ ನರಳಾಟ ಬಾಗಿಲಾಚೆಗೂ ಕೇಳುತ್ತಿತ್ತು. ಅಕ್ಕ ಗಾಜು ತಟ್ಟಿದಳು. ಹೊರಗೆ ಕೂತಿದ್ದ ದಾದಿ ಎದ್ದು ಬಂದು ತಡೆದಳು.

"ಈಗ ಆಗಲ್ಲಮ್ಮ. ಅವಳು ಕೈ ಬಿಟ್ರೆ ಆ ಅಜ್ಜಿ ಹೊರಳಿಬಿಡ್ತಾಳೆ. ಅರ್ಧ ಗಂಟೆ ಆಗುತ್ತೆ."

"ಬೇರೆ ಯಾರಾದ್ರೂ ಹಿಡೀಬಹುದಲ್ಲ?"

"ಅವಳಷ್ಟು ಚೆನ್ನಾಗಿ ಹಿಡಿಯೋರು ಯಾರಿದ್ದಾರೆ?"

ತಟ್ಟಿದ ಸದ್ದಿಗೆ ತಂಗಿ ತಲೆಯೆತ್ತಿದಳು. ಅಕ್ಕನನ್ನು ಕಂಡು ಅವಳ ಕಣ್ಣು ನಕ್ಕಿತು. ಮನೆಯ ಬೀಗದ ಕೈ ಮರೆತು ಬಂದಿದ್ದಾಳೆ ಎಂದುಕೊಂಡಿರಬೇಕು. ಇರು ಬರುತ್ತೇನೆ ಎನ್ನುವಂತೆ ಗದ್ದ ಆಡಿಸಿ ಮತ್ತೆ ಮುದುಕಿಯ ಕಡೆ ಬಾಗಿದಳು. ಅಕ್ಕ ಗಾಜಿಗೆ ಹಣೆ ಒತ್ತಿ ನಿಂತಳು. ನಾಲ್ಕೂವರೆಯಾಯಿತು. ನಾಲ್ಕು ನಲವತ್ತಾಯಿತು. ಇನ್ನು ಮನೆಗೆ ಹೋಗಿ ತಲುಪುವ ಮಾತೇ ಇಲ್ಲ ಎಂದು ಖಚಿತವಾದಾಗ ತಿರುಗಿ ನಡೆದಳು.

ಕಚೇರಿಗೆ ಬಂದಾಗ ಐದಕ್ಕೆ ಎಂಟು ನಿಮಿಷವಿತ್ತು. ಟೈಪಿಸ್ಟು ಮನೆಗೆ ಹೋಗಿದ್ದ. ತೂಕಗಳ ಪುಟ ಪರದೆಯ ಮೇಲೆ ತೆರೆದೇ ಇತ್ತು. ಹತ್ತು, ಇಪ್ಪತ್ತು, ನಲವತ್ತು, ಮೂವತ್ತು. ಇದನ್ನು ಬದಲಿಸುವ ಅಧಿಕಾರ ಆ ಕಟ್ಟಡದಲ್ಲಿ ಆಕೆಯೊಬ್ಬಳಿಗೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಇನ್ನೂ ಕದಿಯುವ ಮುಂಚೆಯೇ ಆಕೆಗೆ ಬಾಗಿಲ ಕಡೆ ನೋಡುವಂತಾಯಿತು. ವರದಿಯ ನಲವತ್ತನ್ನು ಇಪ್ಪತ್ತು ಮಾಡಿದಳು. ಪರೀಕ್ಷೆಯ ಮೂವತ್ತನ್ನು ಐವತ್ತು ಮಾಡಿದಳು. ಕೂಡಿದರೆ ನೂರೇ. ತಂಗಿಯ ಎಂಟು ಮನೆಯಲ್ಲಿ ಸೊನ್ನೆ ಹಿಡಿದರೂ ಅರವತ್ತಮೂರೂ ಚಿಲ್ಲರೆ ಬರುತ್ತದೆ. ಉಳಿಸು ಎಂಬ ಗುಂಡಿಯ ಮೇಲೆ ಬಾಣದ ಗುರುತು ತಂದಿಟ್ಟಳು.

ಆಮೇಲೆ, ಅಭ್ಯಾಸಬಲ ನೋಡಿ, ಉಳಿದ ಮೂವತ್ತು ಸಾಲುಗಳ ಮೇಲೂ ಕಣ್ಣಾಡಿಸಿದಳು. ಕೆಳಗಿನಿಂದ ಮೂರನೆಯದು ಮಕ್ಕಳ ವಾರ್ಡಿನ ಒಬ್ಬ ಹೆಂಗಸಿನದು. ಪರೀಕ್ಷೆ ಎಂದರೆ ನಡುಗುವವಳು, ನೂರಕ್ಕೆ ನಲವತ್ತು ತೆಗೆದವಳು. ಆದರೆ ವರದಿಗಳು ಒಂದಕ್ಕಿಂತ ಒಂದು ಚೆನ್ನ. ನಿಜವಾದ ತೂಕದಲ್ಲಿ ಅವಳಿಗೆ ಅರವತ್ತೊಂಬತ್ತು. ಈ ಹೊಸ ತೂಕದಲ್ಲಿ ಐವತ್ತೆಂಟು. ತಿಂಗಳ ಹಿಂದೆ ಕಿಟಕಿಗೆ ಬಂದು, ಮೂರು ಸಲ ಕೇಳಿ ಅರ್ಥಮಾಡಿಕೊಂಡು, ಸರಳಿನೊಳಗೆ ಕೈ ತೂರಿಸಿ ಅಕ್ಕನ ಬೆರಳು ಮುಟ್ಟಿ ಹೋದವಳು ಅವಳು.

ಅಕ್ಕ ಇಪ್ಪತ್ತನ್ನು ಮತ್ತೆ ನಲವತ್ತು ಮಾಡಿದಳು, ಐವತ್ತನ್ನು ಮೂವತ್ತು ಮಾಡಿದಳು. ನಾಲ್ಕು ಸಲ ಕೂಡಲಿಲ್ಲ. ಐದು ಗಂಟೆಗೆ ಚೌಕದ ಗುರುತು ತೆಗೆದಳು. ಸಾಲುಗಳು ಒಂದು ಸಲ ಮಿನುಗಿ ನಿಂತವು. ತಂಗಿಯ ಮುಂದೆ ನಲವತ್ತೆಂಟು ಪಾಯಿಂಟ್ ಒಂಬತ್ತು ಬಂತು. ಪರದೆಯ ಮೂಲೆಯಲ್ಲಿ ಬೀಗದ ಚಿತ್ರ ಮೂಡಿತು.

ತಂಗಿ ಏಳು ಗಂಟೆಗೆ ಮನೆಗೆ ಬಂದಳು. ಎಂದಿನಂತೆ ಮೊಣಕೈ ತನಕ ಸೋಪು ಹಚ್ಚಿ ಕೈ ತೊಳೆದಳು. ಒರೆಸಿಕೊಂಡು ಬಂದು ಅಕ್ಕನ ಎದುರಿಗೆ ಕೂತಳು. ಮೊಬೈಲನ್ನು ಇಬ್ಬರ ನಡುವೆ ಚಾಪೆಯ ಮೇಲಿಟ್ಟಳು.

"ನಲವತ್ತೆಂಟು ತೋರಿಸ್ತಿದೆ ಅಕ್ಕಾ. ಕೆಟ್ಟುಹೋಗಿದೆಯಾ?"

"ಇಲ್ಲ. ಈಗ ಸರಿಯಾಗಿದೆ."

"ಅದನ್ನ ಹೇಳೋಕೇ ವಾರ್ಡಿಗೆ ಬಂದಿದ್ಯಾ?"

"ಹೂಂ."

ತಂಗಿ ಮೊಬೈಲನ್ನು ಬೋರಲು ಹಾಕಿದಳು. "ಬರುವಾಗ ದಾರೀಲಿ ಆ ಗುಂಗುರು ಕೂದಲಿನವಳು ಸಿಕ್ಕಿದ್ಲು, ಎಂಟೂ ವರದಿ ಕಳಿಸಿ ಪಾಸಾದೆ ಅಂದ್ಲು. 'ನೀನು ವರದಿ ಕಳಿಸಿದ್ದು ಯಾಕೆ, ಇಳಿಯುತ್ತೆ ಅಂತ ನೀನೇ ಹೇಳಿದ್ಯಲ್ಲ' ಅಂತ ಅವಳನ್ನ ಕೇಳಿದೆ. 'ಕಿಟಕಿಗೆ ಹೋಗಿ ಕೇಳಿದೆ, ನಿಮ್ಮಕ್ಕನೇ ಬಿಡಿಸಿ ಹೇಳಿದ್ರು' ಅಂದ್ಲು. 'ನಿನಗೆ ಮನೇಲೇ ಹೇಳಿರ್ತಾರೆ ಅಂತ ನಾನು ಬಂದು ಹೇಳಲಿಲ್ಲ' ಅಂದ್ಲು."

ತಂಗಿ ಬೈದಿದ್ದರೆ, ತಟ್ಟೆ ಎಸೆದಿದ್ದರೆ ಆಕೆಗೆ ಹಗುರಾಗುತ್ತಿತ್ತು. ತಂಗಿಯ ದನಿ ಒಂದಿಷ್ಟೂ ಏರಲಿಲ್ಲ.

"ನಾನು ದಿನಾ ಎಂಬತ್ತೆಂಟು ಅಂತ ಕುಣೀತಿದ್ದಾಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅವಳಿಗೆ ಏನು ಹೇಳಿದ್ಯೋ ಅದನ್ನ ನನಗೂ ಹೇಳು."

"ಈಗ ಹೇಳಿ ಏನು ಪ್ರಯೋಜನ?"

"ಹೇಳು. ನಾನೂ ತಿಳ್ಕೋಬೇಕು."

ಅಕ್ಕ ಎದ್ದು ಪೆನ್ಸಿಲು ತಂದಳು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ನಾಲ್ಕು ಚೌಕ ಬರೆದಳು. ಹತ್ತು, ಇಪ್ಪತ್ತು, ನಲವತ್ತು, ಮೂವತ್ತು ಎಂದು ತುಂಬಿದಳು. ಮಂಚದ ಮಾತು ಹೇಳಿದಳು, ಇಬ್ಬರು ಹೊತ್ತವರ ಮಾತು ಹೇಳಿದಳು, ಕೊನೆಯ ದಿನ ನೆಲಕ್ಕೆ ಬೀಳುವ ಮೂಲೆಯ ಮಾತು ಹೇಳಿದಳು. ಚಿಕ್ಕಂದಿನಲ್ಲಿ ಮಗ್ಗಿ ಕಲಿಯುವಾಗ ಕೂರುತ್ತಿದ್ದ ಹಾಗೆ ತಂಗಿ ಮೊಣಕಾಲಿನ ಮೇಲೆ ಗದ್ದವಿಟ್ಟು ಕೇಳಿದಳು. ಎರಡೇ ಪ್ರಶ್ನೆ ಕೇಳಿದಳು.

"ಅಂದ್ರೆ ಕಳಿಸಿದಾಗ ಇಳಿದದ್ದು ನಿಜವಾಗಿ ಇಳಿದದ್ದಲ್ಲ?"

"ಅಲ್ಲ."

"ಎಂಟರಲ್ಲಿ ಎಷ್ಟು ಕಳಿಸಿದ್ರೆ ಅರವತ್ತು ದಾಟ್ತಿತ್ತು?"

"ನಾಲ್ಕು. ಸುಮಾರಾಗಿದ್ರೂ ಸಾಕಿತ್ತು."

ತಂಗಿ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಬೆರಳಿಟ್ಟು ತಾನೇ ಒಂದು ಸಲ ಕೂಡಿದಳು. ಸರಿಯಾಗಿಯೇ ಕೂಡಿದಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು.

"ಐದು ನಿಮಿಷವೂ ಆಗಲಿಲ್ಲ," ಎಂದಳು. "ಇಷ್ಟೇ ಇತ್ತಾ ಅಕ್ಕಾ?"

"ಇಷ್ಟೇ," ಎಂದಳು ಅಕ್ಕ.

ತಂಗಿ ಹಾಳೆಯನ್ನು ಚಾಪೆಯ ಮೇಲೇ ಬಿಟ್ಟು ಎದ್ದಳು. ಪಟ್ಟಿಯಿಂದ ಹೆಸರು ಹೋಗುವ ತಿಂಗಳ ಕೊನೆಗೆ ಇನ್ನೂ ಒಂಬತ್ತು ದಿನವಿತ್ತು, ಬೆಳಗ್ಗೆ ಆರಕ್ಕೆ ಡ್ಯೂಟಿ. ಒಳಗೆ ಹೋಗಿ ಮಾರನೆಯ ದಿನದ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದಳು.